ಬೆಂಗ್ರೆಯ ಕಡಲಲ್ಲಿ ಹವಳ ಯಾಕಿಲ್ಲ?

ಪ್ರಶ್ನೆ: ಕೆರಿಬಿಯನ್ ಕಡಲಿನ ಬೊನೇರ್ ಎಂಬ ಪುಟ್ಟ ದ್ವೀಪದಲ್ಲಿ ದಡದಿಂದಲೇ ನೀರಿಗಿಳಿದು ಹವಳ ನೋಡುತ್ತಾರಂತೆ. ನಮ್ಮೂರಿಗೂ ಮೂರು ಕಡೆ ನೀರಿದೆ. ಇಲ್ಲೇಕೆ ಸ್ಕೂಬಾ ಡೈವಿಂಗ್ ಇಲ್ಲ?
– ಓದುಗರೊಬ್ಬರು, ಕಸಬಾ ಬೆಂಗ್ರೆ

ಉತ್ತರ: ಬೊನೇರ್‌ನಲ್ಲಿ ಇಲ್ಲದ್ದು ನಿಮ್ಮಲ್ಲಿದೆ, ಅದು ಹೊಳೆ. ಅಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷದ ಮಳೆ ಅರ್ಧ ಮೀಟರಿನ ಆಸುಪಾಸು. ಕಡಲಿಗೆ ಮಣ್ಣು ಇಳಿಯುವುದೇ ಕಡಿಮೆ, ಹಾಗಾಗಿ ನೀರು ತಿಳಿ. ಮಂಗಳೂರಿನಲ್ಲಿ ಸುರಿಯುವುದು ಮೂರು ಮೀಟರಿಗೂ ಹೆಚ್ಚು. ಆ ನೀರನ್ನೂ ಘಟ್ಟದ ಮಣ್ಣನ್ನೂ ಹೊತ್ತ ನೇತ್ರಾವತಿ, ಫಲ್ಗುಣಿ ಎರಡೂ ಬೆಂಗ್ರೆಯ ತೆಂಕಣ ತುದಿಯ ಅಳಿವೆಯಲ್ಲೇ ಕಡಲು ಸೇರುತ್ತವೆ.

ಹವಳದ ಜೀವಿಗೆ ಹೆಚ್ಚಿನ ಆಹಾರ ಒದಗಿಸುವುದು ಅದರ ಮೈಯೊಳಗಿರುವ ಸೂಕ್ಷ್ಮ ಪಾಚಿ. ಪಾಚಿಗೆ ಬಿಸಿಲು ಬೇಕು. ಕಲಕು ನೀರಿನಲ್ಲಿ ಬಿಸಿಲು ಇಳಿಯುವುದಿಲ್ಲ, ಮೇಲಿಂದ ಕೆಸರು ಬೇರೆ ಕೂರುತ್ತದೆ. ಎಳೆಯ ಹವಳ ಕಚ್ಚಿಕೊಳ್ಳಲು ಗಟ್ಟಿ ಬಂಡೆಯೂ ಬೇಕು. ಇಲ್ಲಿ ತಳವೆಲ್ಲ ಜಾಗ ಬದಲಿಸುವ ಮರಳು. ಜೊತೆಗೆ ಅಳಿವೆಯ ಸೆಳೆತ, ಬಂದರಿನ ಬೋಟುಗಳ ಓಡಾಟ. ಅಲ್ಲಿ ಮುಳುಗುವ ಸಾಹಸ ಖಂಡಿತ ಬೇಡ.

ಹಾಗೆಂದು ಇದು ಬಡ ಕಡಲಲ್ಲ. ಇಳಿತದ ಹೊತ್ತಿಗೆ ಸೊಂಟದುದ್ದ ನೀರಲ್ಲಿ ನಿಂತು ಮರುವಾಯಿ ಹೆಕ್ಕುವವರನ್ನು ನೋಡಿ: ತಳ ಕಾಣದು, ಪಾದದಿಂದಲೇ ಕೆಸರು ತಡವಿ ಚಿಪ್ಪು ಪತ್ತೆಹಚ್ಚುತ್ತಾರೆ. ಆ ಚಿಪ್ಪಿನ ಜೀವಿ ಬದುಕುವುದು ಕಲಕು ನೀರಿನಲ್ಲಿ ತೇಲುವ ಕಣಗಳನ್ನು ಸೋಸಿಕೊಂಡೇ. ತಿಳಿನೀರಿಗಿಂತ ಇದೇನೂ ಕಡಿಮೆ ಸಂಪತ್ತಲ್ಲ ಎಂದೇ ನನ್ನ ಭಾವನೆ.

ಹವಳ ನೋಡಲೇಬೇಕೆಂದರೆ ಮುರ್ಡೇಶ್ವರಕ್ಕೆ ರೈಲು ಹತ್ತಿ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಬಂಡೆಗಲ್ಲಿನ ದ್ವೀಪ; ಅಳಿವೆಗಳ ಕೆಸರಿನಿಂದ ದೂರ. ಬಂಡೆಗಳ ಮೇಲೆ ಅಲ್ಲಲ್ಲಿ ಹವಳ, ಸಂದಿನಲ್ಲಿ ಮೊರೆ ಹಾವುಮೀನು, ಸುತ್ತ ಗಿಳಿಮೀನು, ಚಿಟ್ಟೆಮೀನು. ಮೇಲೆ ಬಿಳಿಹೊಟ್ಟೆಯ ಕಡಲಹದ್ದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜಕುಮಾರ್ ಮುಳುಗಿದ್ದು ಇಲ್ಲೇ. ಇದೇ ದ್ವೀಪವನ್ನು ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸಿದ್ದೂ ಉಂಟು. ಬೊನೇರ್ ತನ್ನ ಸುತ್ತಲಿನ ಕಡಲನ್ನು 1979ರಲ್ಲೇ ರಕ್ಷಿತ ಉದ್ಯಾನವಾಗಿಸಿತು. ಬರುವ ಡೈವರ್‌ಗಳಿಂದ ಅದಕ್ಕೆ ಶುಲ್ಕವನ್ನೂ ವಸೂಲು ಮಾಡುತ್ತದೆ. ನೇತ್ರಾಣಿಗೂ ಅಂಥ ಗಟ್ಟಿ ಕಾವಲು ಸಿಗಲೇಬೇಕು.

ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಈಜು ಬಾರದಿದ್ದರೂ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಆಸ್ತಮಾ, ಕಿವಿನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ, ಡೈವ್ ಮಾಡಿದ ದಿನ ವಿಮಾನ ಹತ್ತಬೇಡಿ, ಹವಳವನ್ನಂತೂ ಮುಟ್ಟಲೇಬೇಡಿ.