ಲೂಪಸ್ ರೋಗವೂ ಕಣ್ಣೂ

ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಎದುರಿಸಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಉತ್ಪತ್ತಿಯಾಗುತ್ತವೆ. ಇವು ದಾರಿ ತಪ್ಪಿ ಸ್ವಂತ ದೇಹದ ಜೀವಕೋಶಗಳನ್ನೇ ಶತ್ರುಗಳೆಂದು ಬಗೆದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಲೂಪಸ್ ಇಂತಹ ರೋಗಗಳಲ್ಲೊಂದು. ಇದಕ್ಕೆ ತುತ್ತಾಗುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಚರ್ಮ, ಕೀಲು, ಮೂತ್ರಪಿಂಡಗಳನ್ನು ಪೀಡಿಸುವ ಈ ರೋಗವು ಕಣ್ಣನ್ನೂ ಬಿಡುವುದಿಲ್ಲ.

ಕಣ್ಣಿನಲ್ಲಿ ಸಾಮಾನ್ಯವಾಗಿ ತೋರುವ ತೊಂದರೆಯೆಂದರೆ ಶುಷ್ಕತೆ. ಕಣ್ಣೀರಿನ ಗ್ರಂಥಿಗಳು ಕುಂದಿದಾಗ, ಮರಳು ಬಿದ್ದಂತೆ ಕಣ್ಣು ಚುಚ್ಚುತ್ತದೆ. ಇದಕ್ಕಿಂತ ಗಂಭೀರವಾದುದು ಅಕ್ಷಿಪಟದ ವಿಕಾರ. ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋದರೆ, ರಕ್ತ ದೊರೆಯದ ನರತಂತುಗಳು ಊದಿಕೊಂಡು, ಹತ್ತಿಯ ಚೂರುಗಳಂತಹ ಬಿಳಿಯ ಮಚ್ಚೆಗಳಾಗಿ ಕಾಣುತ್ತವೆ. ದೇಹವನ್ನು ಕೊಯ್ಯದೆಯೇ ಒಳಗಿನ ರಕ್ತನಾಳಗಳನ್ನು ನೇರವಾಗಿ ನೋಡಲು ಕಣ್ಣು ಒಂದು ಕಿಟಕಿ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕವು ಈ ಕಿಟಕಿಯನ್ನು ವೈದ್ಯರಿಗೆ ತೆರೆಯಿತು. ಆದುದರಿಂದ ಮಚ್ಚೆಗಳು ಕಂಡರೆ, ರೋಗವು ಇತರ ಅಂಗಗಳಲ್ಲಿಯೂ ಉಲ್ಬಣಿಸಿರಬಹುದೆಂದು ವೈದ್ಯರು ಎಚ್ಚರಗೊಳ್ಳುತ್ತಾರೆ.

ರೋಗಕ್ಕೆ ಕೊಡುವ ಔಷಧಿಗಳಿಂದಲೂ ಕಣ್ಣಿಗೆ ಅಪಾಯವುಂಟು. ಸ್ಟಿರಾಯ್ಡ್‌ಗಳನ್ನು ದೀರ್ಘಕಾಲ ಸೇವಿಸಿದರೆ ಕಣ್ಣಿನ ಮಸೂರದಲ್ಲಿ ಪೊರೆ ಬರಬಹುದು. ಕಣ್ಣಿನೊಳಗಿನ ಒತ್ತಡ ಹೆಚ್ಚಬಹುದು. ಮಲೇರಿಯಾಕ್ಕೂ ಬಳಸುವ ಹೈಡ್ರಾಕ್ಸಿಕ್ಲೋರೊಕ್ವಿನ್ ಲೂಪಸ್ ಚಿಕಿತ್ಸೆಯಲ್ಲಿ ಬಹು ಉಪಯುಕ್ತವಾದ ಔಷಧಿ. ಆದರೆ ಹಲವು ವರ್ಷ ಸೇವಿಸಿದವರಲ್ಲಿ ಕೆಲವರಿಗೆ ಅಕ್ಷಿಪಟದ ನಡುಭಾಗ ಕೆಡುತ್ತದೆ. ಹೀಗೆ ಕೆಟ್ಟ ಭಾಗವು ಮರಳಿ ಸರಿಹೋಗದು. ರೋಗಿಗೆ ದೃಷ್ಟಿದೋಷ ಅರಿವಾಗುವ ವೇಳೆಗೆ ಹಾನಿಯು ಬಹಳ ಮುಂದುವರಿದಿರುತ್ತದೆ.

ಇದನ್ನು ತಡೆಯುವ ಬಗೆ ಹೇಗೆ? ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 5 ಮಿಲಿಗ್ರಾಂ ಮೀರದಂತೆ ಔಷಧಿ ಕೊಡುವುದು ಮೊದಲನೆಯ ಕ್ರಮ. 50 ಕಿಲೋಗ್ರಾಂ ತೂಗುವವರಿಗೆ ಈ ಮಿತಿ 250 ಮಿಲಿಗ್ರಾಂ ಆಯಿತು. ನಿಯತವಾದ ಪರೀಕ್ಷೆ ಎರಡನೆಯದು. ಔಷಧಿ ಆರಂಭಿಸಿದ ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷಗಳ ಅನಂತರ ಪ್ರತಿ ವರ್ಷವೂ ನೇತ್ರವೈದ್ಯರು ದೃಷ್ಟಿಕ್ಷೇತ್ರವನ್ನು ಅಳೆದು, ಅಕ್ಷಿಪಟದ ಪದರಗಳನ್ನು ಬೆಳಕಿನ ಸಹಾಯದಿಂದ ಚಿತ್ರಿಸಿ ನೋಡಬೇಕು. ಮೂತ್ರಪಿಂಡಗಳು ದುರ್ಬಲವಾಗಿರುವವರಲ್ಲಿ ಔಷಧಿಯು ರಕ್ತದಲ್ಲಿ ಹೆಚ್ಚು ಉಳಿಯುವುದರಿಂದ, ಅವರಿಗೆ ವಾರ್ಷಿಕ ಪರೀಕ್ಷೆ ಇನ್ನೂ ಮುಂಚೆಯೇ ಆರಂಭವಾಗಬೇಕು.

ಅಪಾಯವುಂಟೆಂದು ಹೆದರಿ ರೋಗಿಗಳು ತಾವಾಗಿಯೇ ಔಷಧಿಯನ್ನು ನಿಲ್ಲಿಸುವುದು ಸರಿಯಲ್ಲ. ಅಡಗಿದ್ದ ರೋಗ ಮತ್ತೆ ಕೆರಳೀತು. ದೃಷ್ಟಿ ಥಟ್ಟನೆ ಮಂಕಾದರೆ ಅಂದೇ ವೈದ್ಯರನ್ನು ಕಾಣಬೇಕು. ಆದರೆ ಮಂಕಾಗುವವರೆಗೆ ಕಾಯದೆ, ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ಅದನ್ನು ಪರೀಕ್ಷಿಸಿಕೊಳ್ಳುವುದು ಲೂಪಸ್ ರೋಗಿಗೆ ಅತ್ಯಗತ್ಯ.