ಗಣಕಯಂತ್ರಕ್ಕೆ ಕೊಡುವ ದತ್ತಾಂಶದ ಪರೀಕ್ಷೆ

ಯಾವ ಸಂಖ್ಯೆಯನ್ನೂ ಸೊನ್ನೆಯಿಂದ ಭಾಗಿಸಲಾಗದು ಎಂಬುದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಈ ಸಣ್ಣ ನಿಯಮವನ್ನು ಕಡೆಗಣಿಸಿದುದರಿಂದ 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಯಾರ್ಕ್‌ಟೌನ್’ ಎಂಬ ಯುದ್ಧನೌಕೆಯು ವರ್ಜೀನಿಯದ ತೀರದಾಚೆ ಸುಮಾರು ಎರಡೂಮುಕ್ಕಾಲು ಗಂಟೆ ಕಾಲ ನಿಶ್ಚಲವಾಗಿ ನಿಂತಿತು. ನಾವಿಕನೊಬ್ಬನು ಗಣಕಯಂತ್ರದ ಕೋಷ್ಟಕವೊಂದರ ಒಂದು ಮನೆಯಲ್ಲಿ ಸೊನ್ನೆಯನ್ನು ತುಂಬಿದ್ದನು. ಪ್ರೋಗ್ರಾಮು ಆ ಸೊನ್ನೆಯಿಂದಲೇ ಭಾಗಿಸಹೋಯಿತು. ಅದರಿಂದ ಹುಟ್ಟಿದ ದೋಷವು ಜಾಲದ ಇತರ ಯಂತ್ರಗಳಿಗೂ ಹಬ್ಬಿ, ನೌಕೆಯನ್ನು ಚಲಿಸುವ ವ್ಯವಸ್ಥೆಯೇ ಸ್ತಬ್ಧವಾಯಿತು. ಇಲ್ಲಿ ನಾವಿಕನನ್ನು ದೂಷಿಸಿ ಫಲವಿಲ್ಲ. ಮನುಷ್ಯನ ಬೆರಳು ತಪ್ಪುವುದು ಸಹಜ. ಬಂದ ಸಂಖ್ಯೆಯನ್ನು ಬಾಗಿಲಲ್ಲಿಯೇ ತಡೆದು ವಿಚಾರಿಸದ ಪ್ರೋಗ್ರಾಮನ್ನೇ ನಾವು ಪ್ರಶ್ನಿಸಬೇಕು.

ಪೈಥಾನ್ ಭಾಷೆಯನ್ನು ಆಗತಾನೆ ಕಲಿಯತೊಡಗಿದ ವಿದ್ಯಾರ್ಥಿಯೊಬ್ಬನು, ದೂರವನ್ನೂ ಕಾಲವನ್ನೂ ಕೇಳಿ ಸರಾಸರಿ ಜವವನ್ನು ತಿಳಿಸುವ ಪ್ರೋಗ್ರಾಮನ್ನು ಬರೆದನೆಂದು ಇಟ್ಟುಕೊಳ್ಳೋಣ. ‘ಇನ್‌ಪುಟ್’ ಎಂಬ ಆಜ್ಞೆಯು ಕೀಲಿಮಣೆಯಿಂದ ಪಡೆಯುವುದು ಸಂಖ್ಯೆಯನ್ನಲ್ಲ, ಬರಿಯ ಅಕ್ಷರಗಳ ಸಾಲನ್ನು. ಅದನ್ನು ಸಂಖ್ಯೆಯಾಗಿ ಮಾರ್ಪಡಿಸುವುದು ‘ಫ್ಲೋಟ್’ ಎಂಬ ಇನ್ನೊಂದು ಆಜ್ಞೆ. 150 ಕಿಲೋಮೀಟರ್, 2.5 ಗಂಟೆ ಎಂದಾಗ ಗಂಟೆಗೆ 60 ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಕನ್ನಡ ಅಂಕಿಗಳಲ್ಲಿ ‘೨.೫’ ಎಂದು ಬರೆದರೂ ಫ್ಲೋಟ್ ಅದನ್ನು ಒಪ್ಪುತ್ತದೆಂಬುದು ನಮಗೆ ಸಂತೋಷದ ಸಂಗತಿ! ಆದರೆ ‘2.5 ಗಂಟೆ’ ಎಂದು ಅಕ್ಷರಗಳನ್ನೂ ಸೇರಿಸಿದರೆ ‘ವ್ಯಾಲ್ಯೂ ಎರರ್’ ಎಂಬ ದೋಷವನ್ನು ಸಾರಿ ಪ್ರೋಗ್ರಾಮು ನಿಂತುಬಿಡುತ್ತದೆ.

ಇದಕ್ಕೆ ಪರಿಹಾರವಾಗಿ ‘ಟ್ರೈ’ ಮತ್ತು ‘ಎಕ್ಸೆಪ್ಟ್’ ಎಂಬ ಜೋಡಿ ಪದಗಳಿವೆ. ಟ್ರೈ ಎಂಬುದರ ಕೆಳಗೆ ಅಪಾಯದ ಸಾಲನ್ನೂ, ಎಕ್ಸೆಪ್ಟ್ ಎಂಬುದರ ಕೆಳಗೆ ದೋಷ ಬಂದಾಗ ಮಾಡಬೇಕಾದುದನ್ನೂ ಬರೆಯಬೇಕು. ಇಲ್ಲಿ ಹಲವರು ದೋಷದ ಹೆಸರನ್ನು ಹೇಳದೆ ಬರಿಯ ಎಕ್ಸೆಪ್ಟ್ ಬರೆಯುತ್ತಾರೆ. ಇದು ಕೆಟ್ಟ ಅಭ್ಯಾಸ. ಆಗ ಪ್ರೋಗ್ರಾಮು ಬರೆದವನ ಕಾಗುಣಿತದ ತಪ್ಪು ಕೂಡ ಅದೇ ಬಲೆಗೆ ಬಿದ್ದು, ಸರಿಯಾದ ಸಂಖ್ಯೆಯನ್ನು ಕೊಟ್ಟವನಿಗೂ ‘ನಿಮ್ಮ ಸಂಖ್ಯೆ ತಪ್ಪು’ ಎಂದೇ ಮತ್ತೆ ಮತ್ತೆ ಹೇಳುತ್ತಿರುತ್ತದೆ. ಬೇಸತ್ತು ಅದನ್ನು ನಿಲ್ಲಿಸಲು ಕೀಲಿಯೊತ್ತಿದರೆ ಆ ಸೂಚನೆಯನ್ನೂ ನುಂಗುತ್ತದೆ. ಆದುದರಿಂದ ‘ಎಕ್ಸೆಪ್ಟ್ ವ್ಯಾಲ್ಯೂ ಎರರ್’ ಎಂದು ಹೆಸರಿಸಿಯೇ ಬರೆಯತಕ್ಕದ್ದು.

ಇನ್ನು ಸಂಖ್ಯೆಯ ಯೋಗ್ಯತೆಯ ಪ್ರಶ್ನೆ. ಕಾಲವು ಸೊನ್ನೆಯಾಗಲಿ ಋಣಸಂಖ್ಯೆಯಾಗಲಿ ಆಗಕೂಡದು. ‘ಸೊನ್ನೆಯಾದರೆ ಅಥವಾ ಅದಕ್ಕಿಂತ ಕಡಿಮೆಯಾದರೆ ತಿರಸ್ಕರಿಸು’ ಎಂದು ಬರೆದರೆ ಸಾಲದೆ? ಸಾಲದು. ಎನ್, ಎ, ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟು ನೋಡಿ. ‘ಸಂಖ್ಯೆಯಲ್ಲ’ ಎಂಬುದರ ಸಂಕ್ಷೇಪವಾದ ಇದನ್ನು ಫ್ಲೋಟ್ ಒಂದು ವಿಶೇಷ ಬೆಲೆಯಾಗಿ ಒಪ್ಪಿಕೊಳ್ಳುತ್ತದೆ. ಇದು ಸೊನ್ನೆಗಿಂತ ಕಡಿಮೆಯೇ? ಅಲ್ಲ. ಹೆಚ್ಚೇ? ಅಲ್ಲ. ಸಮವೇ? ಅದೂ ಅಲ್ಲ, ತನಗೆ ತಾನೇ ಸಮವಲ್ಲದ ವಿಚಿತ್ರ ಬೆಲೆಯಿದು! ಹೀಗಾಗಿ ತಿರಸ್ಕಾರದ ನಿಯಮಕ್ಕೆ ಸಿಕ್ಕದೆ ಒಳನುಸುಳಿ, ಯಾವ ದೋಷದ ಸೂಚನೆಯೂ ಇಲ್ಲದಂತೆ ಉತ್ತರವನ್ನೇ ಕೆಡಿಸುತ್ತದೆ. ನಿಯಮವನ್ನು ತಿರುಗಿಸಿ, ‘ಸೊನ್ನೆಗಿಂತ ಹೆಚ್ಚಾಗಿದ್ದರೆ ಮಾತ್ರ ಒಳಗೆ ಬಿಡು’ ಎಂದು ಬರೆದರೆ ಇದು ಹೊರಗುಳಿಯುತ್ತದೆ. ಅಂದರೆ, ಬೇಡವಾದವುಗಳನ್ನು ಪಟ್ಟಿಮಾಡುವುದಕ್ಕಿಂತ ಬೇಕಾದುದನ್ನು ನಿರೂಪಿಸುವುದೇ ಸುರಕ್ಷಿತ. ಫ್ಲೋಟ್ ‘ಅನಂತ’ವನ್ನೂ ಒಪ್ಪುವುದರಿಂದ, 100 ಗಂಟೆಯನ್ನು ಮೀರಬಾರದೆಂಬಂತಹ ಮೇಲಿನ ಮಿತಿಯೊಂದು ಅಗತ್ಯ.

ಇಷ್ಟಾದರೂ 2.5 ಎಂಬುದರ ಬದಲು 25 ಎಂದು ಕೊಟ್ಟರೆ ಮೇಲಿನ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು. 25 ಯೋಗ್ಯವಾದ ಸಂಖ್ಯೆಯೇ ಹೌದು. ಇಂತಹ ಕಡೆ, ತಾನು ಓದಿಕೊಂಡ ಬೆಲೆಗಳನ್ನು ಅವುಗಳ ಮಾನಗಳೊಡನೆ ಉತ್ತರದ ಪಕ್ಕದಲ್ಲಿಯೇ ಪ್ರೋಗ್ರಾಮು ತೋರಿಸಬೇಕು. ‘150 ಕಿಲೋಮೀಟರ್, 25 ಗಂಟೆ; ಜವ ಗಂಟೆಗೆ 6 ಕಿಲೋಮೀಟರ್’ ಎಂಬ ಸಾಲನ್ನು ಓದಿದವನಿಗೆ, ಬಿಟ್ಟುಹೋದ ದಶಾಂಶ ಬಿಂದು ತಾನಾಗಿಯೇ ನೆನಪಾಗುತ್ತದೆ.