ಮೊಡವೆಯ ಬಲವಾದ ಔಷಧವೂ ಬಾಲಿಕೆಯ ನಿರ್ಧಾರವೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮನೆಗಳಲ್ಲಿ ಮಗಳ ಮುಖದ ಮೇಲೆ ಮೊಡವೆಗಳೆದ್ದರೆ ‘ಮೈಯುಷ್ಣ’ವೆಂದೋ ‘ವಯಸ್ಸಿನ ಗುಣ’ವೆಂದೋ ಹೇಳಿ ಸುಮ್ಮನಾಗುವದುಂಟು. ಸಾಧಾರಣ ಮೊಡವೆಯ ವಿಷಯದಲ್ಲಿ ಇದರಿಂದ ಹೆಚ್ಚಿನ ಕೇಡಿಲ್ಲ. ಆದರೆ ಗಂಟುಗಂಟಾಗಿ ಕೀವುಗಟ್ಟಿ, ಮಾಯ್ದ ಮೇಲೆ ಗುಳಿಬೀಳಿಸುವ ಉಗ್ರವಾದ ಮೊಡವೆಯೂ ಉಂಟು. ಅದಕ್ಕೆ ಬಲವಾದ ಔಷಧವನ್ನು ಕೊಡಿಸುವದನ್ನು ಯಾರು, ಹೇಗೆ ನಿರ್ಧರಿಸತಕ್ಕದ್ದೆಂಬುದನ್ನು ಇಲ್ಲಿ ವಿಚಾರಿಸುವೆವು.

ಹರೆಯದಲ್ಲಿ ಹಾರ್ಮೋನುಗಳ ಪ್ರೇರಣೆಯಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡನ್ನು ಸುರಿಸುವವು. ರೋಮಕೂಪಗಳ ಬಾಯಿ ಕಟ್ಟಿ, ಒಳಗೆ ಸೂಕ್ಷ್ಮಜೀವಿಗಳು ಬೆಳೆದು, ಬಾವು ಹುಟ್ಟುವದು. ಇದು ಅಶುಚಿತ್ವದ ಫಲವಲ್ಲ. ಆದಕಾರಣ ಹುಡುಗಿಯನ್ನು ಹಳಿಯುವದು ಅನ್ಯಾಯವು. ದೇವರು ಮುಖವನ್ನು ನೋಡಿ ಯಾರನ್ನೂ ಅಳೆಯನು, ನಿಜ. ಆದರೂ ಆ ಮಾತನ್ನೇ ಹೇಳಿ ಆಕೆಯ ನೋವನ್ನು ಅಲಕ್ಷಿಸಲಾಗದು.

ಮೊದಲು ಹಚ್ಚುವ ಮುಲಾಮು, ಬೇಕಾದರೆ ಅದರೊಡನೆ ಕೆಲವು ತಿಂಗಳ ಗುಳಿಗೆ, ಇದು ವೈದ್ಯರ ಕ್ರಮ. ಇವು ಫಲಿಸದಿದ್ದರೆ, ಅಥವಾ ಗುಳಿಬೀಳುವ ಭಯವಿದ್ದರೆ, ಐಸೊಟ್ರೆಟಿನಾಯಿನ್ ಎಂಬ ಔಷಧವನ್ನು ಕೊಡುವರು. ‘ಎ’ ಜೀವಸತ್ವದ ಕುಲಕ್ಕೆ ಸೇರಿದ ಈ ಔಷಧಕ್ಕೆ ಅಮೇರಿಕೆಯಲ್ಲಿ 1982ರಲ್ಲಿ ಅನುಮತಿ ದೊರೆಯಿತು. ಇದು ಎಣ್ಣೆಗ್ರಂಥಿಗಳನ್ನು ಕುಗ್ಗಿಸುವದು. ದೇಹದ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಸಾಮಾನ್ಯವಾಗಿ 4ರಿಂದ 6 ತಿಂಗಳು ಸೇವಿಸಬೇಕು. ಅನೇಕರಿಗೆ ಬಹುಕಾಲದ ಗುಣವಾಗುವದು, ಕೆಲವರಿಗೆ ಮರುಕಳಿಸುವದು. ತುಟಿ ಒಡೆಯುವದು, ಕಣ್ಣು ಒಣಗುವದು, ನಮ್ಮೀ ಸೀಮೆಯ ಬಿಸಿಲಿಗೆ ಚರ್ಮವು ಬೇಗನೆ ಸುಡುವದು. ಯಕೃತ್ತಿನ ಸ್ಥಿತಿಯನ್ನೂ ಕೊಬ್ಬಿನ ಅಂಶವನ್ನೂ ರಕ್ತಪರೀಕ್ಷೆಯಿಂದ ನೋಡಿಕೊಳ್ಳಬೇಕು. ಮನಸ್ಸು ಕುಂದಿದಂತೆ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಎಲ್ಲಕ್ಕೂ ಮುಖ್ಯವಾದ ಮಾತೊಂದಿದೆ. ಈ ಔಷಧವು ನಡೆದಿರುವಾಗ ಗರ್ಭ ನಿಂತರೆ ಶಿಶುವಿನ ಮಿದುಳು, ಹೃದಯ, ಮುಖ, ಕಿವಿಗಳಲ್ಲಿ ಘೋರವಾದ ವಿಕಲತೆಗಳುಂಟಾಗಬಹುದು. ಕಡೆಯ ಗುಳಿಗೆಯಾದ ಮೇಲೆಯೂ ಒಂದು ತಿಂಗಳು ಗರ್ಭಧಾರಣೆಯಾಗಬಾರದು. ನಾಚಿಕೆಯಿಂದ ತಾಯಂದಿರು ಇದನ್ನು ಮಗಳಿಗೆ ಹೇಳದಿರಬಹುದು. ವಿಚಾರಿಸಿರಿ: ವರನ ಕಡೆಯವರು ನೋಡಲು ಬರುವರೆಂದೇ 18 ಅಥವಾ 19 ವರ್ಷದ ಮಗಳಿಗೆ ಚಿಕಿತ್ಸೆ ಮಾಡಿಸುವರು, ಔಷಧ ಮುಗಿಯುವದರೊಳಗೆ ಲಗ್ನವು ಗೊತ್ತಾಗುವದು, ಏನೂ ಅರಿಯದ ಹುಡುಗಿಯು ಗುಳಿಗೆಯ ಪೊಟ್ಟಣದೊಡನೆ ಗಂಡನ ಮನೆಗೆ ಹೋಗುವಳು. ಮೌನದಿಂದ ಒದಗಬಹುದಾದ ಈ ಅನರ್ಥವನ್ನು ಒಂದು ಸ್ಪಷ್ಟವಾದ ಮಾತು ತಪ್ಪಿಸಬಲ್ಲದು.

ಔಷಧದಂಗಡಿಯಲ್ಲಿ ಕೇಳಿ ತಂದ ಬಿಳುಪಿನ ಮುಲಾಮುಗಳನ್ನು ನಂಬಬೇಡಿರಿ. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆತಿರುವದರಿಂದ ಮೊದಲು ಹೊಳಪು ಕಂಡರೂ ಬಳಿಕ ಚರ್ಮವು ತೆಳುವಾಗಿ ಮೊಡವೆಯು ಹೆಚ್ಚುವದು. ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರಕಾರವು 2018ರಲ್ಲಿ ವಿಧಿಸಿತು. ಐಸೊಟ್ರೆಟಿನಾಯಿನ್ ಅನ್ನಂತೂ ಚರ್ಮವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು. ಅದಕ್ಕಾಗಿ ರಾಯಚೂರಿನವರೆಗೆ ಪ್ರಯಾಣ ಮಾಡಬೇಕಾದರೂ ಆ ಶ್ರಮವು ವ್ಯರ್ಥವಲ್ಲ.

18 ತುಂಬದ ಬಾಲಿಕೆಗೆ ತಂದೆತಾಯಿಗಳ ಒಪ್ಪಿಗೆ ಬೇಕು, ಸರಿ. ಆದರೆ ದಿನವೂ ಗುಳಿಗೆಯನ್ನು ನುಂಗುವವಳು ಆಕೆಯೇ. ಆದದರಿಂದ ವೈದ್ಯರ ಮುಂದೆ ಆಕೆಯನ್ನೇ ಮಾತಾಡಗೊಡಿಸಿರಿ. ಈ ಔಷಧವು ನನಗೆ ಏಕೆ ಬೇಕು? ಎಷ್ಟು ಕಾಲ? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು? ಬೇರೆ ದಾರಿಯುಂಟೇ? ಎಂದು ಆಕೆಯೇ ಕೇಳಲಿ. ಉತ್ತರಗಳನ್ನು ಕೇಳಿ ಬೇಡವೆಂದರೂ, ಸ್ವಲ್ಪ ತಾಳಿರೆಂದರೂ ಆ ಮಾತನ್ನು ಮನ್ನಿಸಿರಿ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳಿಗೆ ಇಷ್ಟು ಸ್ವಾತಂತ್ರ್ಯವನ್ನು ಕೊಡುವರೆಂದು ನಂಬುತ್ತೇವೆ.